ಎಣ್ಣೆ ಇಳಿಸಿದ ಬ್ಯಾಚು: ಒಂದು ಬ್ರಾಯ್ಲರ್ ಶೆಡ್ಡಿನ ಎಂಜೈಮ್ ಲೆಕ್ಕ

ಏಪ್ರಿಲ್ ಎರಡನೇ ವಾರ, ಬೆಳಗಿನ ಐದೂವರೆ. ರಾಣೆಬೆನ್ನೂರಿನಿಂದ ಸ್ವಲ್ಪ ಒಳಗೆ, ಗೋವಿನಜೋಳದ ಹೊಲಗಳ ನಡುವೆ ಒಂದು ಶೆಡ್ಡು. ಆರು ಸಾವಿರ ಕೋಳಿ, ಮೂವತ್ತೆಂಟನೇ ದಿನ. ಬಿಸಿಲೇರುವ ಮೊದಲೇ ತೂಕ ಮುಗಿಸಬೇಕೆಂದು ಹತ್ತು ಹತ್ತು ಕೋಳಿ ಕಟ್ಟಿ ತಕ್ಕಡಿಗೆ ತೂಗುಹಾಕುತ್ತಾ ಹೋದೆವು. ಶೆಡ್ಡಿನ ನಾಲ್ಕೂ ಮೂಲೆಯಿಂದ, ನಡುವಿನಿಂದ ಹಿಡಿದ ನೂರು ಕೋಳಿಗಳ ಸರಾಸರಿ 1 ಕಿಲೋ 860 ಗ್ರಾಂ ಬಂತು. ಜನವರಿ ಬ್ಯಾಚಿನಲ್ಲಿ ಇದೇ ದಿನಕ್ಕೆ 2 ಕಿಲೋ 80 ಗ್ರಾಂ ಇತ್ತು.

"ಡಾಕ್ಟ್ರ, ಈ ಸಲ ಎಂಜೈಮ್ ಒಂದಲ್ಲ, ಮೂರು ಹಾಕೇನ್ರಿ. ಆದ್ರೂ ಯಾಕ ಹಿಂಗಾತು?" ಎಂದರು ಮಾಲೀಕರು. ಎಂಜೈಮ್ ಎಂದರೆ ಫೀಡು ಜೀರ್ಣವಾಗಲು ನೆರವಾಗಲೆಂದು ಬೆರೆಸುವ ಪುಡಿ.

ಇವರು ಕಾಂಟ್ರಾಕ್ಟ್ ಸಾಕಣೆಯವರಲ್ಲ. ಮರಿ ಕೊಂಡು, ಫೀಡನ್ನು ಮನೆಯ ಹಿಂದೆಯೇ ಬೀಸಿ ಕಲಸಿ, ಕೋಳಿಯನ್ನು ಟ್ರೇಡರ್‌ಗೆ ಮಾರುವವರು. ಕಾಂಟ್ರಾಕ್ಟ್‌ನಲ್ಲಿ ಫೀಡಿನ ಲಾಭನಷ್ಟ ಕಂಪನಿಯದು. ಇಲ್ಲಿ ಪ್ರತಿ ಪೈಸೆಯೂ ಅವರದೇ. ಪೆಟ್ರೋಲಿಗೆ ಬೆರೆಸುವ ಎಥೆನಾಲ್‌ಗಾಗಿ ಡಿಸ್ಟಿಲರಿಗಳು ಗೋವಿನಜೋಳ ಕೊಳ್ಳತೊಡಗಿದ ಮೇಲೆ ಕೋಳಿ ಸಾಕುವವರ ಲೆಕ್ಕವೇ ಬದಲಾಗಿದೆ. ಈ ಜೋಳವನ್ನು ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಆಮದಿಗೆ ಇಳಿಯಿತು. ಜೋಳದ ಕಣಜದಂಥ ಹಾವೇರಿ, ದಾವಣಗೆರೆ ಸೀಮೆಯಲ್ಲೇ ಕೂತವರಿಗೂ ಅದರ ಬಿಸಿ ತಟ್ಟಿತು. ಅಂಥ ಹೊತ್ತಲ್ಲಿ "ಎಂಜೈಮ್ ಹಾಕಿ, ಜೋಳ ಎಣ್ಣೆ ಕಡಿಮೆ ಮಾಡಿ" ಎಂಬ ಮಾತು ಕಿವಿಗೆ ಹಿತವಾಗಿ ಕೇಳಿಸಿದ್ದರಲ್ಲಿ ಅವರ ತಪ್ಪೇನೂ ಇಲ್ಲ. ಮಾತು ಸುಳ್ಳೂ ಅಲ್ಲ. ಎಷ್ಟು ಕಡಿಮೆ, ಯಾವ ಎಂಜೈಮ್, ಯಾವ ಕಾಳಿಗೆ ಎಂಬ ಮೂರು ಪ್ರಶ್ನೆಗಳನ್ನು ಬಿಟ್ಟು ಅದನ್ನು ಹೇಳಿದ್ದರಿಂದ ಈ ಬ್ಯಾಚು ಹೀಗಾಯಿತು.

ಶೆಡ್ಡಿನಲ್ಲಿ ಕಂಡದ್ದು

ಮೊದಲು ರೋಗವಿದೆಯೇ ಎಂದು ನೋಡಬೇಕಿತ್ತು. ತೂಕ ಬರದ ಬ್ಯಾಚಿಗೆ ಫೀಡನ್ನು ದೂರಿದ ಮೇಲೆ ಕರುಳಿನಲ್ಲಿ ಕಾಕ್ಸಿಡಿಯ ಎಂಬ ಪರಾವಲಂಬಿ ಸಿಕ್ಕಿ ನಾಚಿಕೆಪಟ್ಟ ಅನುಭವ ನನಗಿದೆ. ನಾಲ್ಕು ಕೋಳಿ ಕೊಯ್ದು ನೋಡಿದೆ. ಕರುಳಿನಲ್ಲಿ ರಕ್ತದ ಚುಕ್ಕೆಯಿಲ್ಲ, ಗಾಳಿಚೀಲ ತಿಳಿ, ಯಕೃತ್ತಿನ ಬಣ್ಣ ಸರಿ. ಆದರೆ ಹೊಟ್ಟೆಯೊಳಗೆ, ಗುದದ ಮುಂದೆ ಇರುವ ಕೊಬ್ಬಿನ ಹಾಸು ತೆಳ್ಳಗೆ, ಒದ್ದೆ ಕಾಗದದ ಹಾಗೆ. ಎರಡು ಕಿಲೋ ಹತ್ತಿರದ ಬ್ರಾಯ್ಲರ್‌ನಲ್ಲಿ ಆ ಜಾಗ ಹಳದಿಯಾಗಿ ತುಂಬಿಕೊಂಡಿರುತ್ತದೆ. ಫೀಡಿನಲ್ಲಿ ಪ್ರೋಟೀನ್ ಇದ್ದು ಎನರ್ಜಿ ಸಾಲದೆ ಹೋದಾಗ ಮೊದಲು ಸೊರಗುವುದು ಇದೇ ಕೊಬ್ಬು.

ನೆಲಕ್ಕೆ ಹಾಸಿದ ಲಿಟ್ಟರ್ ಕೂಡ ಅದನ್ನೇ ಹೇಳುತ್ತಿತ್ತು. ಭತ್ತದ ಹೊಟ್ಟನ್ನು ಹಿಡಿ ತುಂಬ ತೆಗೆದು ಹಿಂಡಿ ಬಿಟ್ಟರೆ ಉಂಡೆ ಒಡೆಯಲಿಲ್ಲ. ಮೊಣಕಾಲೂರಿ ಕೂತಾಗ ಅಮೋನಿಯ ಕಣ್ಣಿಗೆ ಚುಚ್ಚಿತು. ಎನರ್ಜಿಗೆ ಹೋಲಿಸಿದರೆ ಪ್ರೋಟೀನ್ ಹೆಚ್ಚಾದಾಗ ಕೋಳಿ ಅದನ್ನೇ ಉರಿಸಿಕೊಳ್ಳುತ್ತದೆ, ಯೂರಿಕ್ ಆಮ್ಲ ಹೆಚ್ಚು ಹೊರಹಾಕುತ್ತದೆ, ನೀರೂ ಹೆಚ್ಚು ಕುಡಿಯುತ್ತದೆ. ಮೇಲೆ ಬೇಸಿಗೆ ಬೇರೆ.

ಆದರೆ ನಿಜವಾದ ಸುಳಿವು ಕೊಟ್ಟವರು ಮಾಲೀಕರ ಹೆಂಡತಿ. ಫೀಡಿನ ನೋಟುಬುಕ್ಕು ಅವರ ಕೈಯಲ್ಲಿ. "ಈ ಸಲ ತಿನ್ನೂದೇನ್ ಬಾಳ ತಿಂತಾವ್ರಿ, ಮೈಗೆ ಹತ್ತವಲ್ದು" ಎಂದರು. ಬುಕ್ಕು ತೆರೆದು ತೋರಿಸಿದರು: ಯಾವ ದಿನ ಎಷ್ಟು ಚೀಲ, ಯಾವ ಚೀಲ ಯಾವತ್ತು ಕಲಸಿದ್ದು, ಸತ್ತ ಕೋಳಿ ಎಷ್ಟು. ಈ ಅಕ್ಕ ಬರೆದಿಟ್ಟಿರದಿದ್ದರೆ ನನಗೆ ಈ ಪ್ರಕರಣವನ್ನು ಬಿಡಿಸಲು ಆಗುತ್ತಿರಲಿಲ್ಲ. ಬ್ಯಾಚು ಹೋದ ಮೇಲೆ ಲೆಕ್ಕ ಹಾಕಿದಾಗ ಎಫ್‌ಸಿಆರ್, ಅಂದರೆ ಒಂದು ಕಿಲೋ ಕೋಳಿಗೆ ತಿಂದ ಫೀಡು, 1.81. ಜನವರಿಯಲ್ಲಿ ಅದು 1.70.

ಎರಡು ಫಾರ್ಮುಲಾ

ಜನವರಿಯ ಫಿನಿಶರ್ ಫೀಡು, ಅಂದರೆ ಮಾರುವ ಮುಂಚಿನ ಕೊನೆಯ ವಾರಗಳಲ್ಲಿ ಕೊಡುವುದು, ಒಂದು ಟನ್ನಿಗೆ ಹೀಗಿತ್ತು: ಗೋವಿನಜೋಳ 625 ಕಿಲೋ, ಸೋಯಾ ಹಿಂಡಿ 290, ಅಕ್ಕಿ ತೌಡಿನ ಎಣ್ಣೆ 45, ಉಳಿದ 40 ಕಿಲೋದಲ್ಲಿ ಡಿಸಿಪಿ (ರಂಜಕ, ಕ್ಯಾಲ್ಸಿಯಂ ಕೊಡುವ ಪುಡಿ), ಸುಣ್ಣಕಲ್ಲಿನ ಪುಡಿ, ಉಪ್ಪು, ಅಮೈನೋ ಆಮ್ಲ, ವಿಟಮಿನ್ ಖನಿಜಗಳ ಪ್ರೀಮಿಕ್ಸ್. ಜೋಳಕ್ಕೆ ಕಿಲೋಗೆ 3,350 ಕಿಲೋಕ್ಯಾಲರಿ, ಸೋಯಾ ಹಿಂಡಿಗೆ 2,300, ಎಣ್ಣೆಗೆ 8,800 ಹಿಡಿದರೆ ಫೀಡಿನ ಎನರ್ಜಿ ಸುಮಾರು 3,157 ಆಗುತ್ತದೆ. ಇಲ್ಲಿ ಎನರ್ಜಿ ಎಂದರೆ ಎಂಇ, ಕೋಳಿಯ ಹಿಕ್ಕೆ ಮೂತ್ರದಲ್ಲಿ ಹೋಗುವುದನ್ನು ಕಳೆದು ಮೈಗೆ ದಕ್ಕುವ ಪಾಲು. ಭಾರತೀಯ ಮಾನಕ ಬ್ಯೂರೋದ 2007ರ ಮಾನದಂಡ ಫಿನಿಶರ್‌ಗೆ 3,200 ಕೇಳುತ್ತದೆ. ಮನೆಯಲ್ಲೇ ಕಲಸುವ ಮ್ಯಾಶ್, ಅಂದರೆ ಪುಡಿ ರೂಪದ ಫೀಡಿಗೆ 3,157 ತೀರಾ ಕೆಟ್ಟದ್ದಲ್ಲ.

ಮಾರ್ಚ್‌ನಲ್ಲಿ ಶುರುವಾದ ಈ ಬ್ಯಾಚಿನದು: ಜೋಳ 570, ಸೋಯಾ 285, ಎಣ್ಣೆ 27, ಡಿಓಆರ್‌ಬಿ 84, ಉಳಿದದ್ದು 34. ಡಿಓಆರ್‌ಬಿ ಎಂದರೆ ಎಣ್ಣೆ ತೆಗೆದ ಅಕ್ಕಿ ತೌಡು. ಅದಕ್ಕೆ 1,800 ಹಿಡಿದರೆ ಫೀಡಿನ ಎನರ್ಜಿ ಸುಮಾರು 2,954. ಅಂದರೆ ಕಿಲೋಗೆ 203 ಕಿಲೋಕ್ಯಾಲರಿ ಕಡಿತ. ಮರಿಗೆ ಮೊದಲು ಕೊಡುವ ಸ್ಟಾರ್ಟರ್ ಫೀಡಿನಲ್ಲೂ ಇದೇ ಧಾಟಿ.

ಈ 203 ಎಲ್ಲಿಂದ ಬಂತು ಎಂದರೆ ಮೂರು ಪ್ಯಾಕೆಟ್ಟಿನಿಂದ. ನಾರು ಕರಗಿಸುವ ಎಂಜೈಮ್ ಮಿಶ್ರಣಕ್ಕೆ 85, ಕಾಳಿನ ರಂಜಕ ಬಿಡಿಸುವ ಫೈಟೇಸ್‌ಗೆ 65, ಎಣ್ಣೆ ಜೀರ್ಣಿಸಲು ನೆರವಾಗುತ್ತದೆನ್ನುವ ಎಮಲ್ಸಿಫೈಯರ್‌ಗೆ 50. ಮೂರೂ ಬೇರೆ ಬೇರೆ ಕಡೆಯಿಂದ ಕೊಂಡದ್ದು. ಪ್ರತಿಯೊಬ್ಬ ಮಾರಾಟಗಾರನೂ ತನ್ನ ಪುಡಿಯ ಮ್ಯಾಟ್ರಿಕ್ಸ್ ಮೌಲ್ಯ, ಅಂದರೆ ಅದು ಫೀಡಿನಿಂದ ಬಿಡಿಸಿಕೊಡುತ್ತದೆನ್ನುವ ಎನರ್ಜಿ, ಬರೆದುಕೊಟ್ಟಿದ್ದ. ಇವರು ಮೂರನ್ನೂ ಕೂಡಿಸಿದರು, 200 ಆಯಿತು; ಅಷ್ಟಕ್ಕೂ ಕತ್ತರಿ ಹಾಕಿದರು.

ಮ್ಯಾಟ್ರಿಕ್ಸ್ ಎನ್ನುವುದನ್ನು ನಮ್ಮ ರೈತರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ, ಅದು ನನಗೆ ಬಹಳ ದಿನದ ಸಂಕಟ. ಎಂಜೈಮ್ ಪುಡಿಯಲ್ಲಿ ಎನರ್ಜಿ ಇಲ್ಲ. ಟನ್ನಿಗೆ ಅರ್ಧ ಕಿಲೋ ಹಾಕುವ ಪುಡಿಯಲ್ಲಿ ಇರಲು ಸಾಧ್ಯವೂ ಇಲ್ಲ. ಅದು ಕೀಲಿಕೈ ಅಷ್ಟೇ. ಕಾಳಿನಲ್ಲಿ ಬೀಗ ಹಾಕಿಕೊಂಡು ಕೂತ ಎನರ್ಜಿಯಲ್ಲಿ ಒಂದಿಷ್ಟನ್ನು ಅದು ಬಿಡಿಸುತ್ತದೆ. ಜೀರ್ಣವಾಗದೆ ಉಳಿಯುವ ಪಿಷ್ಟ, ಕೊಬ್ಬು, ಪ್ರೋಟೀನ್ ಒಂದೇ ರಾಶಿ. ಮೂರು ಪುಡಿಗಳೂ ಕೈ ಹಾಕುವುದು ಆ ರಾಶಿಗೇ. ಮೊದಲನೆಯದು ಬಿಡಿಸಿದ ಕೊಬ್ಬನ್ನು ಮೂರನೆಯದು ಮತ್ತೊಮ್ಮೆ ಬಿಡಿಸಲಾರದು. ಆದ್ದರಿಂದ ಒಂದೊಂದರ ಮೌಲ್ಯ ಬಿಡಿಯಾಗಿ ಸರಿಯಿದ್ದರೂ ಕೂಡಿಸಿದ ಮೊತ್ತ ಸರಿಯಿರುವುದಿಲ್ಲ.

ನೋಟುಬುಕ್ಕಿನ ಅಂಕಿಗಳಿಂದ ನಾನು ಒಂದು ಗುಣಾಕಾರ ಮಾಡಿ ತೋರಿಸಿದೆ. ಕೋಳಿ ತಿನ್ನುವುದರಲ್ಲಿ ದೊಡ್ಡ ಪಾಲು ಫಿನಿಶರ್ ಆದ್ದರಿಂದ ಅದನ್ನೇ ಅಳತೆಗೋಲು ಮಾಡಿಕೊಂಡೆವು. ಜನವರಿಯಲ್ಲಿ 1.70ನ್ನು 3,157ರಿಂದ ಗುಣಿಸಿದರೆ, ಒಂದು ಕಿಲೋ ಕೋಳಿಗೆ 5,367 ಕಿಲೋಕ್ಯಾಲರಿ. ಮಾರ್ಚ್‌ನಲ್ಲಿ 1.81ನ್ನು 2,954ರಿಂದ ಗುಣಿಸಿದರೆ 5,347. ಎರಡೂ ಹೆಚ್ಚುಕಡಿಮೆ ಒಂದೇ. ಮಾರಾಟಗಾರರು ಹೇಳಿದಷ್ಟು ಎನರ್ಜಿಯನ್ನು ಮೂರು ಪುಡಿಗಳು ಬಿಡಿಸಿದ್ದರೆ, ಫೀಡಿನಲ್ಲಿ ನಾವು ಎಣಿಸಿದ ಎನರ್ಜಿ ಇನ್ನೂ ಕಡಿಮೆ ಸಾಕಾಗಬೇಕಿತ್ತು, 5,000ದ ಆಸುಪಾಸಿಗೆ ಇಳಿಯಬೇಕಿತ್ತು. ಕೋಳಿ ತನಗೆ ಬೇಕಾದ ಎನರ್ಜಿಯನ್ನು ಹೆಚ್ಚು ಫೀಡು ತಿಂದು ತುಂಬಿಕೊಂಡಿದೆ. ಅಕ್ಕ ಹೇಳಿದ ಮಾತೇ ಇದು.

ದುಡ್ಡಿನ ಲೆಕ್ಕವನ್ನೂ ಹಾಕಿದೆವು. ಜೋಳ ಕಿಲೋಗೆ 24 ರೂಪಾಯಿ, ಸೋಯಾ 45, ಎಣ್ಣೆ 100, ಡಿಸಿಪಿ 50, ಡಿಓಆರ್‌ಬಿ 16, ಮೂರು ಪುಡಿಗೆ ಟನ್ನಿಗೆ 450. ಅವರಿಗೆ ಫೀಡು ಕಿಲೋಗೆ 38 ರೂಪಾಯಿಯಿಂದ 36 ರೂಪಾಯಿ 15 ಪೈಸೆಗೆ ಇಳಿದಿತ್ತು. ಚೀಲದ ಮೇಲೆ ಉಳಿತಾಯ ಕಣ್ಣಿಗೆ ಕಾಣುತ್ತದೆ. ಆದರೆ 1.70ರ ಎಫ್‌ಸಿಆರ್‌ನಲ್ಲಿ ಒಂದು ಕಿಲೋ ಕೋಳಿಗೆ ಫೀಡಿನ ಖರ್ಚು 64 ರೂಪಾಯಿ 60 ಪೈಸೆ, 1.81ರಲ್ಲಿ 65 ರೂಪಾಯಿ 43 ಪೈಸೆ. ಅಗ್ಗದ ಫೀಡು ದುಬಾರಿ ಕೋಳಿ ಮಾಡಿತ್ತು. ತೂಕ ಬರಲೆಂದು ಕಾದ ನಾಲ್ಕು ದಿನದ ಕೂಲಿ, ಕರೆಂಟು, ಆ ಸೆಕೆಗೆ ಸತ್ತ ಕೋಳಿ ಇದರಲ್ಲಿ ಸೇರಿಲ್ಲ.

ಪುಡಿ ಕೆಲಸ ಮಾಡಲಿಲ್ಲವೇಕೆ

ಮ್ಯಾಟ್ರಿಕ್ಸ್ ಕೂಡಿಸಿದ್ದು ಒಂದು ತಪ್ಪು. ಆದರೆ ಹೆಚ್ಚುಕಡಿಮೆ ಏನೂ ದಕ್ಕದೆ ಹೋಗಿದ್ದಕ್ಕೆ ಬೇರೆ ಕಾರಣಗಳಿದ್ದವು.

ಕಾಳಿನ ನಾರಿಗೆ ಎಂಜೈಮ್ ಹಾಕುವ ಕಥೆ ಶುರುವಾದದ್ದು ನಮ್ಮ ಕಾಳುಗಳಿಂದಲ್ಲ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಂಶೋಧಕರು 1957ರಲ್ಲಿ ಬಾರ್ಲಿ ತಿನ್ನಿಸಿದ ಮರಿಗಳಿಗೆ ಎಂಜೈಮ್ ಕೊಟ್ಟು ಬೆಳವಣಿಗೆ ಸುಧಾರಿಸಿದ್ದನ್ನು ಪ್ರಕಟಿಸಿದರು. ಬಾರ್ಲಿಯ ಬೀಟಾ ಗ್ಲುಕಾನ್, ಗೋಧಿಯ ಅರಾಬಿನೊಕ್ಸೈಲಾನ್ ಎಂಬ ನಾರುಗಳು ಕರುಳಿನಲ್ಲಿ ನೀರು ಹೀರಿ ಗಂಜಿಯಂತೆ ಅಂಟಾಗುತ್ತವೆ. ಆ ಅಂಟಿನಲ್ಲಿ ಪಿಷ್ಟ, ಕೊಬ್ಬು ಸಿಕ್ಕಿಬಿದ್ದು ಜೀರ್ಣರಸಕ್ಕೆ ಎಟಕುವುದಿಲ್ಲ. ಎಂಜೈಮ್ ಆ ಅಂಟನ್ನು ಕತ್ತರಿಸಿದ ಕೂಡಲೇ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ, ಹಿಕ್ಕೆ ಕೂಡ ಗಟ್ಟಿಯಾಗುತ್ತದೆ. ಯುರೋಪು, ಆಸ್ಟ್ರೇಲಿಯಾದ ಗೋಧಿ ಫೀಡಿನಲ್ಲಿ ಈ ನಾರು ಕತ್ತರಿಸುವ ಕ್ಸೈಲನೇಸ್ ಎಂಬ ಎಂಜೈಮ್ ಹೆಸರು ಮಾಡಿದ್ದು ಹೀಗೆ.

ಗೋವಿನಜೋಳ ಬೇರೆಯೇ ಜಾತಿ. ಅದರಲ್ಲಿ ಪಿಷ್ಟವಲ್ಲದ ಈ ನಾರಿನ ಅಂಶ ಶೇಕಡಾ 8ರ ಸುಮಾರು, ಅದರಲ್ಲೂ ನೀರಿನಲ್ಲಿ ಕರಗಿ ಅಂಟಾಗುವಂಥದ್ದು ತೀರಾ ಅತ್ಯಲ್ಪ. ಸೋಯಾ ಹಿಂಡಿಯಲ್ಲಿ ಒಟ್ಟು ಶೇಕಡಾ 20ರ ಹತ್ತಿರ, ಕರಗುವಂಥದ್ದು ಸ್ವಲ್ಪ. ಇಲ್ಲಿ ಎಂಜೈಮ್‌ಗೆ ಇರುವ ಕೆಲಸ ಅಂಟು ಬಿಡಿಸುವುದಲ್ಲ. ಜೀವಕೋಶದ ಗೋಡೆಯನ್ನು ಅಲ್ಲಲ್ಲಿ ಒಡೆದು ಒಳಗಿನದನ್ನು ಹೊರಬಿಡುವುದು. ಕೆಲಸ ನಿಜ, ಫಲವೂ ನಿಜ, ಆದರೆ ಗೋಧಿಯಲ್ಲಿ ಸಿಗುವಷ್ಟು ದೊಡ್ಡದಲ್ಲ. ಒಳ್ಳೆಯ ಜೋಳ, ಒಳ್ಳೆಯ ಸೋಯಾ ಇದ್ದಲ್ಲಿ ನಾನು ಕಿಲೋಗೆ 40ರಿಂದ 50 ಕಿಲೋಕ್ಯಾಲರಿಗಿಂತ ಹೆಚ್ಚು ನಂಬುವುದಿಲ್ಲ.

ಇನ್ನು ಡಿಓಆರ್‌ಬಿ. "ನಾರು ಹೆಚ್ಚಿದ್ದಷ್ಟೂ ಎಂಜೈಮ್‌ಗೆ ಕೆಲಸ ಹೆಚ್ಚು, ಹಾಗಾಗಿ ತೌಡು ಹಾಕಿ" ಎಂಬ ಸಲಹೆ ಅವರಿಗೆ ಸಿಕ್ಕಿತ್ತು. ಕೇಳಲು ತರ್ಕವಿದೆ. ತೌಡಿನಲ್ಲಿ ಈ ನಾರು ಶೇಕಡಾ 20ಕ್ಕೂ ಮೇಲಿದೆ, ಆದರೆ ಬಹುಪಾಲು ಕರಗದ, ಕೊಂಬೆ ಕೊಂಬೆಯಾಗಿ ಹೆಣೆದುಕೊಂಡ, ಕಟ್ಟಿಗೆಯಂಥ ಲಿಗ್ನಿನ್ ಸುತ್ತಿಕೊಂಡ ನಾರು. ಕರುಳಿನಲ್ಲಿ ಮೇವು ಇರುವ ಕೆಲವೇ ಗಂಟೆಯಲ್ಲಿ ಕ್ಸೈಲನೇಸ್ ಅದರೊಳಗೆ ಹೊಕ್ಕು ಕತ್ತರಿಸುವುದು ಕಷ್ಟ. ಬೀಗ ಇದೆ ಎಂದ ಮಾತ್ರಕ್ಕೆ ನಮ್ಮ ಕೈಲಿರುವ ಕೀಲಿ ಅದಕ್ಕೆ ಕೂಡುತ್ತದೆ ಎಂದಲ್ಲ. ಅವರ ತೌಡನ್ನು ಒಂದು ಗಾಜಿನ ಲೋಟದ ನೀರಿಗೆ ಹಿಡಿ ಹಾಕಿ ಕದಡಿದೆ. ಎರಡು ನಿಮಿಷದಲ್ಲಿ ಮೇಲೆ ಬೆರಳ ದಪ್ಪ ಭತ್ತದ ಸಿಪ್ಪೆ ತೇಲಿತು, ತಳದಲ್ಲಿ ಮರಳು ಕೂತಿತು. ನಾನು ಹಿಡಿದ 1,800 ಕೂಡ ಆ ತೌಡಿಗೆ ಜಾಸ್ತಿಯೇ.

ಫೈಟೇಸ್ ವಿಷಯದಲ್ಲಿ ನನಗೆ ಇಷ್ಟು ತಕರಾರಿಲ್ಲ. ಕಾಳು ಹಿಂಡಿಗಳ ರಂಜಕದಲ್ಲಿ ಸುಮಾರು ಮೂರನೇ ಎರಡು ಪಾಲು ಫೈಟೇಟ್ ರೂಪದಲ್ಲಿ ಕಟ್ಟಿಹಾಕಿಕೊಂಡಿರುತ್ತದೆ, ಕೋಳಿಗೆ ಅದನ್ನು ಬಿಡಿಸಿಕೊಳ್ಳುವ ಶಕ್ತಿ ಕಡಿಮೆ. ಫೈಟೇಸ್ ಅದನ್ನು ಬಿಡಿಸುತ್ತದೆ, ಡಿಸಿಪಿ ಉಳಿಯುತ್ತದೆ, ಹಿಕ್ಕೆಯಲ್ಲಿ ರಂಜಕ ವ್ಯರ್ಥವಾಗುವುದು ತಪ್ಪುತ್ತದೆ. 1991ರಿಂದ ಮಾರುಕಟ್ಟೆಯಲ್ಲಿದ್ದು ಗಟ್ಟಿಯಾಗಿ ನಿಂತ ತಂತ್ರಜ್ಞಾನ ಇದು. ಆದರೆ ಇವರು ಡಿಸಿಪಿ ಇಳಿಸಿ ಆ ಜಾಗಕ್ಕೆ ಸುಣ್ಣಕಲ್ಲಿನ ಪುಡಿಯನ್ನು ಕಣ್ಣಳತೆಯಲ್ಲಿ ಏರಿಸಿದ್ದರು. ಕ್ಯಾಲ್ಸಿಯಂ ಹೆಚ್ಚಾದರೆ ಫೈಟೇಟ್ ಜೊತೆ ಸೇರಿ ಗಟ್ಟಿಯಾಗಿ ಕೂರುತ್ತದೆ, ಫೈಟೇಸ್‌ಗೆ ಎಟಕುವುದಿಲ್ಲ. ಅದರ ಎನರ್ಜಿ ಮೌಲ್ಯವನ್ನು ನಾನು ಫಾರ್ಮುಲಾದಲ್ಲಿ ಎಣಿಸುವುದೇ ಇಲ್ಲ, ಬಂದರೆ ಬರಲಿ.

ಕೊನೆಗೆ ಕಂಡದ್ದು ಫೀಡ್ ಕೋಣೆಯ ಮೂಲೆಯಲ್ಲಿ. ತಗಡಿನ ಛಾವಣಿ, ಪಶ್ಚಿಮದ ಕಿಟಕಿ. ಅದರ ಕೆಳಗೆ ಒಂದು ನೀಲಿ ಡ್ರಮ್. ಪ್ರತಿ ಸಲ ಐದಾರು ಪುಡಿ ತೂಗುವ ತಾಪತ್ರಯ ಬೇಡವೆಂದು ಇಡೀ ಬ್ಯಾಚಿಗೆ ಬೇಕಾದ ಎಂಜೈಮ್, ಖನಿಜ ಮಿಶ್ರಣ, ಕೋಲೀನ್ ಕ್ಲೋರೈಡ್ ಎಲ್ಲವನ್ನೂ ಒಟ್ಟಿಗೆ ಕಲಸಿ ಅದರಲ್ಲಿ ತುಂಬಿಟ್ಟಿದ್ದರು. ಕೈ ಹಾಕಿದೆ. ಪುಡಿ ಬೆಚ್ಚಗಿತ್ತು, ಒದ್ದೆ ಸಕ್ಕರೆಯ ಹಾಗೆ ಗಂಟುಗಂಟಾಗಿತ್ತು. ಕೋಲೀನ್ ಕ್ಲೋರೈಡ್ ಗಾಳಿಯ ತೇವವನ್ನು ಎಳೆದುಕೊಳ್ಳುವ ವಸ್ತು. ಎಂಜೈಮ್ ಎಂದರೆ ಪ್ರೋಟೀನ್. ತೇವ, ಕಾವು, ತಾಮ್ರ ಸತುವಿನ ಲವಣ ಮೂರೂ ಸೇರಿದ ಜಾಗದಲ್ಲಿ ಅದು ವಾರಗಟ್ಟಲೆ ಜೀವ ಹಿಡಿದುಕೊಂಡಿರುವುದಿಲ್ಲ. ಪೆಲೆಟ್ (ಗುಳಿಗೆ) ಫೀಡ್ ಮಾಡುವವರು ಹಬೆಯ ಕಾವಿಗೆ ಎಂಜೈಮ್ ಸಾಯುತ್ತದೆ ಎಂದು ಹೆದರುತ್ತಾರೆ. ಇವರದು ಮ್ಯಾಶ್, ಹಬೆಯೇ ಇಲ್ಲ, ಆ ಭಯವೇ ಬೇಕಿರಲಿಲ್ಲ. ಪಶ್ಚಿಮದ ಬಿಸಿಲು ಆ ಕೆಲಸ ಮಾಡಿತ್ತು.

ಕಾಲದ ಆಯ್ಕೆಯೂ ತಪ್ಪಿತ್ತು. ಮಾರ್ಚ್, ಏಪ್ರಿಲ್‌ನ ಸೆಕೆಯಲ್ಲಿ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಮಧ್ಯಾಹ್ನ ಫೀಡಿನ ಕಡೆ ತಿರುಗಿ ನೋಡುವುದಿಲ್ಲ. ತಿನ್ನುವುದು ಕಡಿಮೆಯಾದಾಗ ತುತ್ತಿನಲ್ಲಿ ಎನರ್ಜಿ ಹೆಚ್ಚಿರಬೇಕು. ಎಣ್ಣೆಯಿಂದ ಸಿಗುವ ಎನರ್ಜಿ ಜೀರ್ಣವಾಗುವಾಗ ಮೈಯಲ್ಲಿ ಹುಟ್ಟಿಸುವ ಕಾವೂ ಕಡಿಮೆ. ಬೇಸಿಗೆಯಲ್ಲಿ ಎಣ್ಣೆ ಏರಿಸಬೇಕು, ಇವರು 18 ಕಿಲೋ ಇಳಿಸಿದ್ದರು. ಹಾಗಾಗಿ ತೂಕ ಬಿದ್ದದ್ದರಲ್ಲಿ ಸೆಕೆಯ ಪಾಲೆಷ್ಟು, ಫಾರ್ಮುಲಾದ ಪಾಲೆಷ್ಟು ಎಂದು ಬೇರ್ಪಡಿಸಿ ಹೇಳುವುದು ಪ್ರಾಮಾಣಿಕತೆ ಆಗುವುದಿಲ್ಲ. ಜನವರಿಗೂ ಏಪ್ರಿಲ್‌ಗೂ ಹೋಲಿಕೆ ಮಾಡಿ ತೀರ್ಪು ಕೊಡುವುದೇ ಸಡಿಲ ಕೆಲಸ.

ಒಂದೇ ಶೆಡ್ಡು, ಒಂದೇ ಮರಿ, ಮೂರು ಫೀಡು

ಆದ್ದರಿಂದ ಜೂನ್‌ನ ಬ್ಯಾಚಿನಲ್ಲಿ ಅದೇ ಶೆಡ್ಡಿನೊಳಗೆ ಬಲೆ ಕಟ್ಟಿ ಮೂರು ಭಾಗ ಮಾಡಿದೆವು. ಒಂದೇ ದಿನ ಬಂದ, ಒಂದೇ ಹ್ಯಾಚರಿಯ ಮರಿ. ಒಂದು ಭಾಗಕ್ಕೆ ಜನವರಿಯ ಹಳೆಯ ಫೀಡು, ಎಂಜೈಮ್ ಇಲ್ಲದೆ. ಇನ್ನೊಂದು ಭಾಗಕ್ಕೆ ಹೊಸದು: ಜೋಳ 615, ಸೋಯಾ 290, ಎಣ್ಣೆ 39, ಸಿಪ್ಪೆ ಇಲ್ಲದ ಒಳ್ಳೆಯ ತೌಡು 22, ಉಳಿದದ್ದು 34. ಎನರ್ಜಿ 3,110, ಅಂದರೆ 47 ಮಾತ್ರ ಕಡಿತ. ನಾರಿನ ಎಂಜೈಮ್ ಒಂದು, ಫೈಟೇಸ್ ಒಂದು. ಎಮಲ್ಸಿಫೈಯರ್ ಬಿಟ್ಟೆವು. ಸುಣ್ಣಕಲ್ಲಿನ ಪುಡಿಯನ್ನು ತೂಗಿಯೇ ಹಾಕಿದೆವು.

ಮೂರನೆಯದು 300 ಕೋಳಿಯ ಪುಟ್ಟ ಕೋಣೆ. ಅಲ್ಲಿಗೂ ಹೊಸ ಫೀಡೇ, ಫೈಟೇಸ್ ಇದೆ, ನಾರಿನ ಎಂಜೈಮ್ ಮಾತ್ರ ಇಲ್ಲ. "ಇದು ಯಾಕ್ರಿ, ಸುಮ್ನ ತೂಕ ಕಳಕೊಳ್ಳಾಕ?" ಎಂದು ಮಾಲೀಕರು ಕೇಳಿದರು. ನನ್ನ ಮಟ್ಟಿಗೆ ಇಡೀ ಪ್ರಯೋಗದ ಜೀವ ಈ ಮೂರನೇ ಕೋಣೆ. ಅದಿಲ್ಲದೆ ಎರಡನೇ ಭಾಗ ಚೆನ್ನಾಗಿ ಬಂದರೆ ಎಂಜೈಮ್‌ನಿಂದ ಬಂತೋ, 47 ಕಡಿಮೆಯಾದರೂ ಕೋಳಿಗೆ ಏನೂ ಅನ್ನಿಸಲಿಲ್ಲವೋ ತಿಳಿಯುವುದೇ ಇಲ್ಲ. ಫಾರ್ಮುಲಾ ಬದಲಿಸದೆ ಎಂಜೈಮನ್ನು ಮೇಲೊಂದಿಷ್ಟು ಉದುರಿಸಿ "ಫಲ ಬಂತು" ಎನ್ನುವವರು ತಪ್ಪಿಸಿಕೊಳ್ಳುವುದು ಇದೇ ಪ್ರಶ್ನೆಯಿಂದ.

ಕಲಸುವ ಕ್ರಮವನ್ನೂ ಬದಲಿಸಿದೆವು. ಎಂಜೈಮ್ ಅಡುಗೆಮನೆಯ ಪಕ್ಕದ ತಣ್ಣನೆ ಕೋಣೆಯಲ್ಲಿ, ಮುಚ್ಚಳ ಬಿಗಿಯಿರುವ ಸ್ಟೀಲ್ ಡಬ್ಬಿಯಲ್ಲಿ. ಕಲಸುವ ದಿನ ಬೆಳಗ್ಗೆ ಅಕ್ಕ ತೂಗಿ ಕೊಡುತ್ತಾರೆ. ಅರ್ಧ ಕಿಲೋ ಪುಡಿಯನ್ನು ಮೊದಲು ಐದು ಕಿಲೋ ಜೋಳದ ನುಚ್ಚಿಗೆ, ಅದನ್ನು ಐವತ್ತು ಕಿಲೋಗೆ, ಆಮೇಲೆ ಮಿಕ್ಸರ್‌ಗೆ. ಎಣ್ಣೆ ಕೊನೆಗೆ. ಎಣ್ಣೆ ಮೊದಲೇ ಬಿದ್ದರೆ ಪುಡಿ ಅದಕ್ಕೆ ಅಂಟಿ ಗಂಟಾಗುತ್ತದೆ.

ಮೂವತ್ತೆಂಟನೇ ದಿನಕ್ಕೆ ಹಳೆಯ ಫೀಡಿನ ಎಫ್‌ಸಿಆರ್ 1.69, ಹೊಸದು 1.70, ಎಂಜೈಮ್ ಇಲ್ಲದ ಪುಟ್ಟ ಕೋಣೆ 1.73. ಎರಡು ಭಾಗಗಳ ತೂಕದಲ್ಲಿ ಹೇಳಿಕೊಳ್ಳುವ ಅಂತರ ಇರಲಿಲ್ಲ. ಹೊಸ ಫೀಡಿಗೆ ಕಿಲೋಗೆ 37 ರೂಪಾಯಿ 46 ಪೈಸೆ ಬಿದ್ದಿತ್ತು. ಅಂದರೆ ಒಂದು ಕಿಲೋ ಕೋಳಿಗೆ 63 ರೂಪಾಯಿ 68 ಪೈಸೆ, ಹಳೆಯ ಫೀಡಿನಲ್ಲಿ 64 ರೂಪಾಯಿ 22 ಪೈಸೆ. ಉಳಿದದ್ದು 54 ಪೈಸೆ. ಇಡೀ ಶೆಡ್ಡಿಗೆ ಸುಮಾರು 12 ಟನ್ ಕೋಳಿ ಎಂದರೆ ಬ್ಯಾಚಿಗೆ ಆರೂವರೆ ಸಾವಿರ ರೂಪಾಯಿ. ಎಂಜೈಮ್ ಇಲ್ಲದ ಕೋಣೆಯಲ್ಲಿ ಖರ್ಚು 64 ರೂಪಾಯಿ 55 ಪೈಸೆ, ಹಳೆಯ ಫೀಡಿಗಿಂತಲೂ ಹೆಚ್ಚು. ಒಂದೇ ಕೋಣೆ, 300 ಕೋಳಿ, ಅದರ 0.03ರ ಅಂತರವನ್ನು ನಾನು ಪುರಾವೆ ಎನ್ನುವುದಿಲ್ಲ. ಮುಂದಿನ ಎರಡು ಬ್ಯಾಚಿನಲ್ಲೂ ಕೋಣೆಯ ಜಾಗ ಬದಲಿಸಿ ಇದನ್ನೇ ಮಾಡಬೇಕು ಎಂದು ಒಪ್ಪಿಸಿದ್ದೇನೆ.

ಮಾಲೀಕರ ಮುಖದಲ್ಲಿ ಮೊದಲು ನಿರಾಸೆ ಕಂಡಿತು. ಚೀಲಕ್ಕೆ ನೂರು ರೂಪಾಯಿ ಹತ್ತಿರ ಉಳಿಯುತ್ತದೆ ಎಂದು ಶುರು ಮಾಡಿದವರು, ಕೊನೆಗೆ ಕಿಲೋ ಕೋಳಿಗೆ 54 ಪೈಸೆಗೆ ಬಂದು ನಿಂತರೆ ಯಾರಿಗಾದರೂ ಹಾಗೇ ಆಗುತ್ತದೆ. ಅಕ್ಕ ಮಾತ್ರ ನೋಟುಬುಕ್ಕಿನಲ್ಲಿ ಗೆರೆ ಎಳೆದು ಹೊಸದೊಂದು ಕಾಲಂ ಮಾಡಿಕೊಂಡಿದ್ದರು: ಚೀಲದ ರೇಟಿನ ಪಕ್ಕದಲ್ಲಿ, ಕಿಲೋ ಕೋಳಿಗೆ ಬಿದ್ದ ಫೀಡಿನ ಖರ್ಚು. ಫೆಬ್ರವರಿ ಕೊನೆಯಿಂದ ಮೇ ವರೆಗೆ ಎಣ್ಣೆ ಮತ್ತೆ 45ಕ್ಕೆ ಹೋಗುತ್ತದೆ, ಎಂಜೈಮ್ ಇದ್ದರೂ ಕಡಿತವಿಲ್ಲ ಎಂದು ಅದರ ಕೆಳಗೇ ಬರೆದಿಟ್ಟಿದ್ದಾರೆ. ನೀಲಿ ಡ್ರಮ್‌ನಲ್ಲಿ ಈಗ ಸುಣ್ಣ ಇದೆ, ಶೆಡ್ಡು ಖಾಲಿಯಾದಾಗ ನೆಲಕ್ಕೆ ಬಳಿಯಲು.